ಹವಾ ನೋಡಿ ಹೊರಡುವವರು ಬಲೆಯವರು ಮಾತ್ರ

ಮಾನ್ಯ ಸಂಪಾದಕರೇ,

ಎರಡು ಭಾನುವಾರದ ಹಿಂದೆ ನಿಮ್ಮ ಪುರವಣಿಯ ಒಂದು ಮೂಲೆಯಲ್ಲಿ ಸಣ್ಣ ಬರಹ ಬಂದಿತ್ತು. ಬಾತು ಬೇಟೆಗೆ ಯಾವ ಹವಾಮಾನ ಚೆನ್ನ ಅಂತ. ಬಡಗಣ ಗಾಳಿ ಬೀಸಬೇಕಂತೆ, ಶೀತಗಾಳಿ ಹೊಡೆದ ಮರುದಿನ ಹೊರಡಬೇಕಂತೆ, ಹಿಮ ಬೀಳುವ ಮುಂಚೆ ಬಾತುಗಳು ಹೊಟ್ಟೆ ತುಂಬಿಸಿಕೊಳ್ಳಲು ಹೊಲಕ್ಕೆ ಇಳಿಯುತ್ತವಂತೆ. ಇದು ಯಾವ ದೇಶದ ಮಾತು ಅಂತ ಒಂದು ಸಾಲೂ ಇಲ್ಲ. ಕುಮಟಾದಲ್ಲಿ ಹಿಮ ಎಲ್ಲಿಂದ ತರೋಣ ಹೇಳಿ. ನಮಗೆ ಗೊತ್ತಿರುವ ಹಿಮ ಅಂದರೆ ಮೀನು ಬುಟ್ಟಿಗೆ ಸುರಿಯುವ ಐಸು.

ಸುಮ್ನೆ ನಕ್ಕು ಬಿಡುತ್ತಿದ್ದೆ. ಆದರೆ ಮರುದಿನ ಚಹಾದಂಗಡಿಯಲ್ಲಿ ಅದೇ ಪುರವಣಿ ಬಿಡಿಸಿಕೊಂಡು ಕೂತಿದ್ದ ಇಬ್ಬರು ಹುಡುಗರು, 'ನಮ್ಮ ಗಜನಿಗೂ ಬರ್ತದಲ್ಲ ಮಾರಾಯ, ಒಂದ್ಸಲ ನೋಡ್ವ' ಅಂದಿದ್ದು ಕೇಳಿಸಿತು. ಗಜನಿ ಅಂದರೆ ನಮ್ಮ ಹೊಳೆದಂಡೆಯ ಉಪ್ಪುನೀರ ಗದ್ದೆ. ಅದಕ್ಕೇ ಈ ಪತ್ರ. ಉದ್ದ ಆಗುತ್ತದೆ. ಕತ್ತರಿ ಹಾಕುವುದಾದರೆ ನಡುವೆ ಎಲ್ಲಾದರೂ ಹಾಕಿ, ಕೊನೆಗೆ ಹಾಕಬೇಡಿ, ನಾನು ಕೇಳಬೇಕಾದ್ದು ಅಲ್ಲೇ ಇದೆ.

ಕಾನೂನಿನ ಮಾತು ಮೊದಲು ಮುಗಿಸುತ್ತೇನೆ. ನಮ್ಮ ದೇಶದಲ್ಲಿ ಕಾಡು ಬಾತು ಹೊಡೆಯುವುದು ಅಪರಾಧ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆಗ ಲೈಸೆನ್ಸ್ ಪಡೆದು ಕೆಲವು ಪ್ರಾಣಿಪಕ್ಷಿ ಹೊಡೆಯಲು ದಾರಿ ಇತ್ತು. 1991ರ ತಿದ್ದುಪಡಿಯಲ್ಲಿ ಅದೂ ಮುಚ್ಚಿತು. 2022ರಲ್ಲಿ ಮತ್ತೆ ತಿದ್ದಿ ದಂಡ ಏರಿಸಿದರು. ಜೈಲು, ದಂಡ ಎರಡೂ ಬೀಳಬಹುದು. ಮನೆಯಲ್ಲಿ ಬೆಳೆ ರಕ್ಷಣೆಗೆ ಅಂತ ಕೋವಿ ಲೈಸೆನ್ಸ್ ಇದೆ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಆ ಕೋವಿ ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಇಟ್ಟು ಬರಬೇಕಾದ ಕೋವಿ, ಬಾತಿನ ಕಡೆ ತಿರುಗಿಸುವ ಕೋವಿ ಅಲ್ಲ. ಇಲ್ಲಿ ಬಾತು ಹೊಡೆಯುವುದು ಅಪರಾಧ ಅನ್ನುವ ಒಂದು ಸಾಲು ನಿಮ್ಮ ಬರಹದ ಕೆಳಗೆ ಇದ್ದಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ.

ಇಷ್ಟು ಹೇಳಿ ದೊಡ್ಡ ಮನುಷ್ಯನಾಗಲು ನನಗೆ ಹಕ್ಕಿಲ್ಲ. ನಮ್ಮ ಅಪ್ಪ ಬಾತು ಹೊಡೆದವರು. ಕೇಪಿನ ಕೋವಿ, ನಳಿಗೆಯ ಬಾಯಿಂದ ಮದ್ದು ಸುರಿದು ಚರೆ ತುಂಬಿ ಗಜದಿಂದ ಜಡಿಯುವಂಥದ್ದು. ನನಗೆ ಹತ್ತು ಹನ್ನೊಂದು ವರ್ಷ, ಅಂದರೆ 1970ರ ಆಸುಪಾಸು. ಕೆಸರಲ್ಲಿ ಬಿದ್ದ ಹಕ್ಕಿ ಎತ್ತಿಕೊಂಡು ಬರುವುದು ನನ್ನ ಕೆಲಸ. ಕೈಯಲ್ಲಿ ಹಿಡಿದಾಗ ಇನ್ನೂ ಬೆಚ್ಚಗಿರುತ್ತಿತ್ತು, ಕಾಲು ಒದ್ದೆ, ಎದೆಯ ಪುಕ್ಕ ಮಾತ್ರ ಒಣಗಿಯೇ ಇರುತ್ತಿತ್ತು. ನೀರಲ್ಲೇ ಇರುವ ಹಕ್ಕಿಗೆ ಎದೆ ಒದ್ದೆ ಆಗಲ್ವಾ ಅಂತ ಅಪ್ಪನನ್ನು ಕೇಳಿದ್ದೆ. ಅಪ್ಪ ಉತ್ತರ ಹೇಳಲಿಲ್ಲ, ಬೇಗ ನಡಿ ಅಂದರು. ಕಾಯ್ದೆ ಬಂದ ಮೇಲೂ ಒಂದೆರಡು ವರ್ಷ ಅವರು ಬಿಡಲಿಲ್ಲ, ಸುಳ್ಳು ಯಾಕೆ ಹೇಳಲಿ. ಆಮೇಲೆ ಬಿಟ್ಟರು. ಕೋವಿ ಅಟ್ಟ ಸೇರಿತು. ಹವಾ ನೋಡುವ ಅಭ್ಯಾಸ ಮಾತ್ರ ಸಾಯುವ ತನಕ ಹೋಗಲಿಲ್ಲ.

ಆ ಹವಾ ನೋಡುವ ವಿಷಯವೇ ನನಗೆ ಮುಖ್ಯ. ನಿಮ್ಮ ಬರಹದಲ್ಲಿ ತಪ್ಪು ಇದೆ ಅಂತ ನಾನು ಹೇಳುತ್ತಿಲ್ಲ. ಅದು ಬೇರೆ ಊರಿನ ಸರಿ.

ನಮ್ಮ ಅಕ್ಕನ ಮಗ ಅಮೆರಿಕದ ಮಿನ್ನೆಸೋಟಾದಲ್ಲಿ ಇದ್ದಾನೆ. ಅವನ ಆಫೀಸಿನವರೊಬ್ಬರು ಬಾತು ಬೇಟೆಗೆ ಹೋಗುವವರು, ಇವನನ್ನೂ ಎರಡು ಮೂರು ಸಲ ಕರಕೊಂಡು ಹೋಗಿದ್ದಾರೆ. ಇವನು ಕೋವಿ ಮುಟ್ಟಲಿಲ್ಲ, ಫ್ಲಾಸ್ಕಿನಲ್ಲಿ ಕಾಫಿ ಹಿಡಕೊಂಡು ಚಳಿಯಲ್ಲಿ ಕೂತು ಬಂದ. ನಿಮ್ಮ ಬರಹದ ಫೋಟೋ ಕಳಿಸಿದ್ದಕ್ಕೆ, 'ಮಾವ, ಇದೆಲ್ಲ ಇಲ್ಲಿಯದ್ದೇ, ಸರಿಯಾಗೇ ಬರೆದಿದ್ದಾರೆ' ಅಂತ ವಾಟ್ಸಾಪಿನಲ್ಲಿ ಹತ್ತು ನಿಮಿಷ ಮಾತಾಡಿ ಕಳಿಸಿದ. ಅಲ್ಲಿ ಚಳಿ ಬಡಗಣಿಂದ ಇಳಿಯುತ್ತದೆ. ಕೆನಡಾದ ಕಡೆಯ ಕೆರೆಗಳು ಮೊದಲು ಹೆಪ್ಪುಗಟ್ಟುತ್ತವೆ. ನೀರು ಗಟ್ಟಿಯಾದ ಮೇಲೆ ಬಾತಿಗೆ ಅಲ್ಲಿ ಕೆಲಸವಿಲ್ಲ. ಬೆನ್ನಿಗೆ ಬಡಗಣ ಗಾಳಿ ಸಿಕ್ಕ ರಾತ್ರಿ ನೋಡಿಕೊಂಡು ತೆಂಕಣಕ್ಕೆ ಹೊರಡುತ್ತವೆ. ಹಾಗಾಗಿ ಶೀತಗಾಳಿ ಬಂದ ಮರುದಿನ ಬೆಳಗ್ಗೆ ಊರ ಕೆರೆಯಲ್ಲಿ ಹೊಸ ಹಕ್ಕಿ. ಹೊಸ ಹಕ್ಕಿಗೆ ಜಾಗ ಗೊತ್ತಿಲ್ಲ, ಪ್ಲಾಸ್ಟಿಕ್ ಬಾತು ತೇಲಿಬಿಟ್ಟರೆ ನಂಬಿ ಇಳಿಯುತ್ತದೆ. ಗಾಳಿಯೇ ಇಲ್ಲದ, ತೊಳೆದಿಟ್ಟ ಹಾಗೆ ನೀಲಿ ಆಕಾಶ ಇರುವ ದಿನ ಅಂದರೆ ಅಲ್ಲಿಯ ಬೇಟೆಗಾರರಿಗೆ ಬೇಜಾರು. ಹಕ್ಕಿಗಳೆಲ್ಲ ದೊಡ್ಡ ಕೆರೆಯ ನಡುವೆ ಗುಂಪಾಗಿ ತೇಲುತ್ತ ನಿದ್ದೆ ಮಾಡುತ್ತವಂತೆ. ಗಂಟೆಗೆ ಹದಿನೈದು ಇಪ್ಪತ್ತು ಕಿಲೋಮೀಟರಿನ ಒಂದೇ ಸಮನೆ ಗಾಳಿ ಇದ್ದರೆ ಕೆಳಗೆ ಹಾರುತ್ತವೆ, ಜಾಗ ಬದಲಿಸುತ್ತ ಇರುತ್ತವೆ. ತುಂತುರು ಮಳೆಯಾದರೆ ಪರವಾಗಿಲ್ಲ, ಧೋ ಅಂತ ಸುರಿದರೆ ಕೂತಲ್ಲೇ ಕೂತಿರುತ್ತವೆ.

ಅಲ್ಲಿ ಬೇಟೆಗೆ ಲೆಕ್ಕಾಚಾರವೂ ಇದೆ, ಅದನ್ನೂ ನಿಮ್ಮ ಬರಹ ಬಿಟ್ಟಿದೆ. ಹದಿನಾರು ವರ್ಷ ತುಂಬಿದವರು 25 ಡಾಲರಿನ ಒಂದು ಸ್ಟಾಂಪ್ ಕೊಳ್ಳಬೇಕು. 1934ರಿಂದ ನಡೆದುಬಂದ ಪದ್ಧತಿ, ಆ ದುಡ್ಡು ಜೌಗು ಜಮೀನು ಕೊಂಡು ಹಕ್ಕಿಗೆ ಬಿಡುವುದಕ್ಕೆ ಹೋಗುತ್ತದೆ. ಕೋವಿಯಲ್ಲಿ ಮೂರಕ್ಕಿಂತ ಜಾಸ್ತಿ ತೋಟಾ ಹಿಡಿಯಬಾರದು. ದಿನಕ್ಕೆ ಇಷ್ಟೇ ಹಕ್ಕಿ ಅಂತ ಮಿತಿ. ಸೀಸದ ಚರೆ ಬಾತು ಬೇಟೆಗೆ ದೇಶಕ್ಕೆಲ್ಲ ನಿಷೇಧ, ಯಾಕೆಂದರೆ ಕೆಸರಿಗೆ ಬಿದ್ದ ಚರೆಯನ್ನು ಕಾಳು ಅಂದುಕೊಂಡು ನುಂಗಿ ಹಕ್ಕಿಗಳು ವಿಷವಾಗಿ ಸಾಯುತ್ತಿದ್ದವು. ಆ ನಿಷೇಧ ಪೂರ್ತಿ ಜಾರಿ ಆಗಿದ್ದು 1991ರಲ್ಲಿ. ಅವರು ಸೀಸ ಬಿಟ್ಟ ವರ್ಷವೇ ನಾವು ಬೇಟೆಯನ್ನೇ ಬಿಟ್ಟೆವು, ಕಾಗದದ ಮೇಲಾದರೂ.

ಈಗ ನಮ್ಮ ಕಡೆ ಬರೋಣ.

ಚಳಿ ಬಿದ್ದರೆ ಬಾತು ಬರುತ್ತದೆ ಅನ್ನುವವರು ನಮ್ಮಲ್ಲೂ ಇದ್ದಾರೆ. ನಮ್ಮ ಕರಾವಳಿಯಲ್ಲಿ ಯಾವ ಚಳಿ? ಜನವರಿಯಲ್ಲೂ 15 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ. ಬೆಳಗ್ಗೆ ಒಂದು ಸ್ವೆಟರ್, ಹತ್ತು ಗಂಟೆಗೆ ಬೆವರು. ಚಳಿ ಬೀಳಬೇಕಾದ್ದು ಇಲ್ಲಿ ಅಲ್ಲ, ಸೈಬೀರಿಯಾದಲ್ಲಿ, ಮಧ್ಯ ಏಷ್ಯಾದಲ್ಲಿ. ಅಲ್ಲಿ ನೀರು ಹೆಪ್ಪುಗಟ್ಟಿದ್ದಕ್ಕೆ ಇಲ್ಲಿ ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ ಸೂಜಿಬಾಲದ ಬಾತು ಬರುತ್ತದೆ, ಕಣ್ಣ ಮೇಲೆ ಬಿಳಿ ಹುಬ್ಬು ಬರೆದುಕೊಂಡಂಥ ಸಣ್ಣ ಬಾತು ಬರುತ್ತದೆ, ಸೌಟಿನಂಥ ಕೊಕ್ಕಿನದ್ದು ಬರುತ್ತದೆ. ಮಾರ್ಚ್, ಏಪ್ರಿಲಿಗೆ ವಾಪಸ್. ಸಿಳ್ಳೆಬಾತು ಮಾತ್ರ ನಮ್ಮದೇ, ವರ್ಷವಿಡೀ ಇರುತ್ತದೆ. (ಇವನ್ನೆಲ್ಲ ಬಾತುಕೋಳಿ ಅನ್ನಬೇಡಿ ದಯವಿಟ್ಟು. ಬಾತುಕೋಳಿ ಅಂದರೆ ಮನೆ ಹಿತ್ತಲಲ್ಲಿ ಕ್ವಾಕ್ ಅನ್ನುವುದು. ನಿಮ್ಮ ತಲೆಬರಹದಲ್ಲಿ ಹಾಗೇ ಇತ್ತು.)

ಬಂದ ಹಕ್ಕಿ ಗಜನಿಗೆ ಇಳಿಯುವುದಕ್ಕೆ ಕಾರಣ ಇದೆ. ಗಜನಿ ಅಂದರೆ ಹೊಳೆಯ ಉಪ್ಪು ನೀರು ಹತ್ತಿ ಇಳಿಯುವ ತಗ್ಗು ಗದ್ದೆ, ಸುತ್ತ ಬಂಡು ಅನ್ನುವ ಮಣ್ಣಿನ ಒಡ್ಡು, ನೀರು ಬಿಡಲು ತಡೆಯಲು ಜಂತ್ರಡಿ. ಮಳೆಗಾಲದಲ್ಲಿ ಕಗ್ಗ ಬೆಳೆಯುತ್ತೇವೆ, ಉಪ್ಪಿಗೂ ನೀರಿಗೂ ಜಗ್ಗದ ಭತ್ತ ಅದು. ಅಕ್ಟೋಬರ್ ಹೊತ್ತಿಗೆ ಕೊಯ್ಲು. ಕೊಯ್ದ ಮೇಲೆ ಉದುರಿದ ಕಾಳು, ಕೊಳೆತ ಕೂಳೆ, ಅದರ ಮೇಲೆ ಮೊಣಕಾಲು ನೀರು, ನೀರಿನಲ್ಲಿ ಸಿಗಡಿ ಮರಿ. ದೂರದ ಊರಿನಿಂದ ಹಸಿದು ಬಂದವರಿಗೆ ಊಟ ಬಡಿಸಿಟ್ಟ ಹಾಗೆ. ಈಗ ಕಗ್ಗ ಬೆಳೆಯುವವರೇ ಕಡಿಮೆ, ಸಿಗಡಿ ಕೆರೆ ಜಾಸ್ತಿ. ಕಗ್ಗ ಬೆಳೆದ ಗಜನಿಗೂ ಬರೀ ಸಿಗಡಿ ಸಾಕಿದ ಗಜನಿಗೂ ಬಾತಿನ ಲೆಕ್ಕದಲ್ಲಿ ಎಷ್ಟು ವ್ಯತ್ಯಾಸ ಅಂತ ನಾನು ಬಂಡಿನ ಮೇಲೆ ನಿಂತು ನೋಡಿದವನು. ಅದು ಬೇರೆಯೇ ಪತ್ರ ಆಗುತ್ತದೆ, ಬಿಡಿ.

ಅಪ್ಪ ಹವಾ ನೋಡುತ್ತಿದ್ದದ್ದು ಆಕಾಶದಲ್ಲಿ ಅಲ್ಲ, ಬಚ್ಚಲ ಹೊಗೆಯಲ್ಲಿ. ಬೆಳಗಿನ ಜಾವ ನಾಲ್ಕೂವರೆಗೆ ಆಯಿ ಹಂಡೆಯ ಒಲೆಗೆ ತೆಂಗಿನ ಗರಿ ತುರುಕಿ ಬೆಂಕಿ ಹಾಕುತ್ತಿದ್ದಳು. ಹಂಚಿನ ಸಂದಿನಿಂದ ಹೊಗೆ ಹೊರಗೆ ಬರುತ್ತದಲ್ಲ, ಅದು ಯಾವ ಕಡೆ ವಾಲುತ್ತದೆ ಅಂತ ಅಂಗಳದಲ್ಲಿ ನಿಂತು ನೋಡುತ್ತಿದ್ದರು. ಹೊಗೆ ನೆಟ್ಟಗೆ ಮೇಲೆ ಹೋದರೆ ವಾಪಸ್ ಒಳಗೆ ಬಂದು ಮಲಗುತ್ತಿದ್ದರು. ಹೊಗೆ ಹಂಚಿನ ಮೇಲೇ ಕೂತು ಕೆಳಗೆ ಜಾರಿದರೆ ಮಂಜು ದಟ್ಟ ಇದೆ ಅಂತ, ಆಗಲೂ ಹೊರಡುತ್ತಿರಲಿಲ್ಲ, ಯಾಕೆಂದರೆ ಕೇಪಿನ ಕೋವಿಯ ಮದ್ದು ತಂಡಿ ಹಿಡಿದರೆ ಟುಸ್ ಅಂದು ಸುಮ್ಮನಾಗುತ್ತದೆ. ಹೊಗೆ ನಿಧಾನಕ್ಕೆ ಹೊಳೆ ಕಡೆ, ಅಂದರೆ ಪಡುವಣಕ್ಕೆ ವಾಲಿದರೆ ಕೋವಿ ಇಳಿಸುತ್ತಿದ್ದರು. ಅದು ಮೂಡಗಾಳಿ.

ಮೂಡಗಾಳಿ ಯಾಕೆ ಅಂತ ನನಗೆ ಅರ್ಥ ಆಗಿದ್ದು ನಲವತ್ತು ದಾಟಿದ ಮೇಲೆ, ದುರ್ಬೀನು ಹಿಡಿದುಕೊಂಡು ಅದೇ ಬಂಡಿನ ಮೇಲೆ ಕೂರಲು ಶುರು ಮಾಡಿದಾಗ. ಬಾತು ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ, ವಿಮಾನದ ಹಾಗೇ. ಚಳಿಗಾಲದಲ್ಲಿ ನಮ್ಮ ಕಡೆ ಬೆಳಗಿನ ಗಾಳಿ ಘಟ್ಟದಿಂದ ಸಮುದ್ರಕ್ಕೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಸಮುದ್ರ ಆಗುವುದಿಲ್ಲ, ಹಾಗಾಗಿ ಗಾಳಿ ನೆಲದಿಂದ ನೀರಿಗೆ ಹರಿಯುತ್ತದೆ. ನೀವು ಗಜನಿಯ ಮೂಡಣ ಬಂಡಿನ ಮೇಲೆ ಕಾಂಡ್ಲಾ ಗಿಡದ ಮರೆಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಬೆನ್ನಿಗೆ ಸೂರ್ಯ, ಬೆನ್ನಿಗೇ ಗಾಳಿ. ಹೊಳೆ ಕಡೆಯಿಂದ ಬರುವ ಹಕ್ಕಿ ಆ ಗಾಳಿಗೆ ಮುಖ ಕೊಟ್ಟು, ಅಂದರೆ ನಿಮ್ಮ ಮುಖಕ್ಕೇ ಮುಖ ಮಾಡಿಕೊಂಡು, ಎಳೆ ಬಿಸಿಲು ಎದೆಗೆ ಬಿದ್ದಿರುವಾಗ, ಎರಡೂ ಕಾಲು ಮುಂದಕ್ಕೆ ಚಾಚಿ, ರೆಕ್ಕೆಯನ್ನು ಬಟ್ಟಲಿನ ಹಾಗೆ ಮಾಡಿ ನೀರಿಗೆ ಇಳಿಯುತ್ತದೆ. ಕಣ್ಣಿಗೆ ಬಿಸಿಲು ಹೊಡೆಯುವುದರಿಂದ ನೀವು ಅದಕ್ಕೆ ಕಾಣುವುದೂ ಕಡಿಮೆ. ಅಪ್ಪನಿಗೆ ಅದು ಗುರಿ. ನನಗೆ ಆ ಬಿಳಿ ಹುಬ್ಬು.

ಹನ್ನೊಂದು ಗಂಟೆ ಹೊತ್ತಿಗೆ ಎಲ್ಲ ತಿರುಗಾ. ನೆಲ ಕಾಯುತ್ತದೆ, ಪಡುಗಾಳಿ ಏಳುತ್ತದೆ. ಬಾತುಗಳು ಪಡುವಣಕ್ಕೆ ಮುಖ ತಿರುಗಿಸಿ, ಕೊಕ್ಕು ಬೆನ್ನಿನ ಪುಕ್ಕದೊಳಗೆ ಸಿಕ್ಕಿಸಿ ಮಲಗುತ್ತವೆ. ಬೆಂಗಳೂರು ಹುಬ್ಬಳ್ಳಿಯಿಂದ ದೊಡ್ಡ ಕ್ಯಾಮೆರಾ ಹೊತ್ತು ಬರುವವರು ಗೋಕರ್ಣದಲ್ಲಿ ಇಡ್ಲಿ ತಿಂದು ಇಲ್ಲಿಗೆ ತಲುಪುವುದು ಆ ಹೊತ್ತಿಗೇ. ಅವರ ಬಳಿ ಇರುವುದೆಲ್ಲ ಬಾತಿನ ಹಿಂಬದಿಯ ಫೋಟೋ.

ಇನ್ನು ಉಬ್ಬರ ಇಳಿತ. ನಿಮ್ಮ ಬರಹದಲ್ಲಿ ಇದರ ಸುದ್ದಿಯೇ ಇಲ್ಲ, ಸಹಜ, ಮಿನ್ನೆಸೋಟಾದಲ್ಲಿ ಸಮುದ್ರವೇ ಇಲ್ಲ. ನಮಗೆ ಗಾಳಿಗಿಂತ ಇದು ಮುಖ್ಯ. ಹೊಳೆಯಲ್ಲಿ ಇಳಿತ ಇದ್ದಾಗ ಕೆಸರು ತೆರೆದಿರುತ್ತದೆ, ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುವವರು ಇಳಿದಿರುತ್ತಾರೆ, ಹಕ್ಕಿಗಳು ದೂರ ದೂರ ಚೆಲ್ಲಾಪಿಲ್ಲಿ. ಉಬ್ಬರ ಏರುತ್ತ ಬಂದ ಹಾಗೆ ಕೆಸರು ಮುಚ್ಚುತ್ತದೆ, ಆಗ ಎದ್ದು ಬಂಡಿನ ಒಳಗಿನ ತೆಳ್ಳಗಿನ ನೀರಿಗೆ ಬರುತ್ತವೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನಮ್ಮ ಕಡೆ ನೀರು ತುಂಬುವುದು ಮಧ್ಯಾಹ್ನದ ಹತ್ತಿರ, ಮತ್ತೆ ಮಧ್ಯರಾತ್ರಿ ಹತ್ತಿರ. ಬೆಳಗ್ಗೆ ಐದಾರು ಗಂಟೆಗೆ ಪೂರ್ತಿ ಇಳಿತ. ದಿನಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ತನಕ ಮುಂದೆ ಹೋಗುತ್ತ ಹೋಗಿ ಅಷ್ಟಮಿ ಹೊತ್ತಿಗೆ ಲೆಕ್ಕ ಉಲ್ಟಾ, ಬೆಳಕು ಹರಿಯುವಾಗ ನೀರು ತುಂಬಿರುತ್ತದೆ. ಅಂದರೆ ಅಷ್ಟಮಿ ನವಮಿಯ ಬೆಳಗ್ಗೆ, ಮೂಡಗಾಳಿ ಇದ್ದು, ಮಂಜು ತೆಳ್ಳಗೆ ಇದ್ದರೆ, ವರ್ಷದಲ್ಲಿ ಅಂಥ ದಿನ ಎಂಟು ಹತ್ತು ಸಿಕ್ಕರೆ ನಾನು ಪುಣ್ಯವಂತ. ನಮ್ಮ ಹೊಳೆ ಅಘನಾಶಿನಿಗೆ ಎಲ್ಲೂ ಅಣೆಕಟ್ಟು ಇಲ್ಲ, ಅದಕ್ಕೆ ಈ ಲೆಕ್ಕ ಕೂಡುತ್ತದೆ. ಕಾರವಾರದ ಕಡೆ ಕಾಳಿ ಹೊಳೆಯಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರೆ ನೀವು ಕ್ಯಾಲೆಂಡರ್ ಹರಿದು ಬಿಸಾಕಬಹುದು.

ಚಂದ್ರನ ಕಥೆ ಇನ್ನೊಂದಿದೆ. ಬಾತು ರಾತ್ರಿಯೂ ಮೇಯುತ್ತದೆ. ಹುಣ್ಣಿಮೆ ಹತ್ತಿರ ಇದ್ದರೆ ರಾತ್ರಿಯಿಡೀ ಮೇದು ಬೆಳಗ್ಗೆ ಮಂಕಾಗಿ ಕೂತಿರುತ್ತವೆ. ಬೆಳದಿಂಗಳಲ್ಲಿ ಮನೆ ಜಗುಲಿಯಲ್ಲಿ ಮಲಗಿದ್ದಾಗ ಮಾಡಿನ ಮೇಲಿಂದ ಸಿಳ್ಳೆಬಾತು ಹಾರಿಹೋಗುವ ಸದ್ದು, ಎರಡು ಉಸಿರಿನ ಸಿಳ್ಳೆ, ಒಂದು ನಿಂತ ಮೇಲೆ ಇನ್ನೊಂದು. ನಮ್ಮ ಮೊಮ್ಮಗಳು ಮೊದಲ ಸಲ ಕೇಳಿದಾಗ ಯಾರೋ ಆಟಿಕೆ ಒತ್ತುತ್ತಿದ್ದಾರೆ ಅಂದುಕೊಂಡಿದ್ದಳು.

ಘಟ್ಟದ ಮೇಲೆ ಹೋದರೆ ಈ ಪಾಠ ನಡೆಯುವುದಿಲ್ಲ, ಅದನ್ನೂ ಹೇಳಬೇಕು. ಶಿರಸಿ ಕಡೆ ಕೆರೆಗಳಲ್ಲಿ ಜನವರಿಯ ಮಂಜು ಕೆಲವು ದಿನ ಎಂಟೂವರೆ ಒಂಬತ್ತರ ತನಕ ಏಳುವುದಿಲ್ಲ, ಆರಕ್ಕೆ ಹೋಗಿ ಏನು ನೋಡುತ್ತೀರಿ, ಬರೀ ಸದ್ದು ಕೇಳಿ ಬರಬೇಕು. ಮುಂಡಗೋಡಿನ ಅತ್ತಿವೇರಿಯಲ್ಲಿ ಉಬ್ಬರ ಇಲ್ಲ, ಅಲ್ಲಿ ನೋಡಬೇಕಾದ್ದು ಜಲಾಶಯದ ನೀರು ಎಷ್ಟು ಇಳಿದಿದೆ ಅಂತ. ಅಂಚಿನ ಕೆಸರು ತೆರೆದುಕೊಂಡ ಮೇಲೆ ಹಕ್ಕಿ ಜಾಸ್ತಿ. ಗದಗದ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತಿನದ್ದು ಇನ್ನೂ ಬೇರೆ, ಹಿಮಾಲಯ ದಾಟಿ ಬರುವ ಹಕ್ಕಿ ಅದು, ಹೊತ್ತು ಮೂಡುವ ಮುಂಚೆಯೇ ಸುತ್ತಲ ಹೊಲಕ್ಕೆ ಮೇಯಲು ಹೋಗಿರುತ್ತದೆ, ಬಿಸಿಲು ಏರಿದ ಮೇಲೆ ಕೆರೆಗೆ ವಾಪಸ್. ಅಲ್ಲಿ ಹತ್ತು ಗಂಟೆಗೆ ಹೋದವನೇ ಜಾಣ. ಊರಿಗೊಂದು ಹವಾ, ಕೆರೆಗೊಂದು ಹೊತ್ತು. ಮೋಡ ಹಾಕಿದ ದಿನ ಒಳ್ಳೆಯದು ಅಂತ ಒಂದೇ ಸಾಲಲ್ಲಿ ಹೇಳಿಬಿಟ್ಟರೆ ಹೇಗೆ?

ಚಂಡಮಾರುತದ ಬಗ್ಗೆಯೂ ಆ ಬರಹದಲ್ಲಿ ಒಂದು ಮಾತಿತ್ತು, ಬಿರುಗಾಳಿಯಲ್ಲಿ ಹಕ್ಕಿ ಚುರುಕಾಗಿರುತ್ತದೆ ಅಂತ. 2019ರ ಅಕ್ಟೋಬರ್ ಕೊನೆಗೆ ಕ್ಯಾರ್ ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ಎದ್ದಾಗ ಬೇರೆ ರಾಜ್ಯದ ದೋಣಿಗಳೂ ಕಾರವಾರ ಬಂದರಿಗೆ ಬಂದು ನಿಂತಿದ್ದು ಓದುಗರಿಗೆ ನೆನಪಿರಬಹುದು. ಆ ಎರಡು ದಿನ ನಮ್ಮ ಗಜನಿಯ ಸಿಳ್ಳೆಬಾತುಗಳು ಬಂಡಿನ ಬುಡಕ್ಕೆ ಅಂಟಿಕೊಂಡು ಕೂತಿದ್ದು ಬಿಟ್ಟರೆ ರೆಕ್ಕೆ ಬಿಚ್ಚಿದ್ದು ನಾನು ನೋಡಲಿಲ್ಲ. ನಾನೂ ಛತ್ರಿ ಹಾರಿಸಿಕೊಂಡು ಮನೆಗೆ ಬಂದೆ.

ಈಗ ನನ್ನ ದೂರು.

ಕಳೆದ ಡಿಸೆಂಬರಿನ ಅಮಾವಾಸ್ಯೆ ಆದ ಮರುದಿನ ಬೆಳಗ್ಗೆ ಬಂಡಿನ ಮೇಲೆ ಹೋಗುತ್ತಿದ್ದೆ. ನೀರಿನ ನಡುವೆ ಹೊಸದಾಗಿ ಹುಗಿದ ಎರಡು ಗಳು ಕಂಡವು. ಮೀನಿನ ಬಲೆಯ ಗಳು ಅಷ್ಟು ಎತ್ತರ ಇರುವುದಿಲ್ಲ. ಹತ್ತಿರ ಹೋದರೆ ನಡುವೆ ಕಪ್ಪು ನೈಲಾನ್ ಬಲೆ, ಗಾಳಿಯಲ್ಲೇ ನೇತಾಡುತ್ತಿದೆ, ಅದರಲ್ಲಿ ಮೂರು ಹಕ್ಕಿ. ಎರಡು ಸತ್ತಿದ್ದವು. ಮೂರನೆಯದು ಬಿಳಿ ಹುಬ್ಬಿನದ್ದು, ರೆಕ್ಕೆಯ ಸಂದಿಗೆ ದಾರ ಹೊಕ್ಕಿತ್ತು. ಎಲೆ ಅಡಿಕೆ ಸಂಚಿಯಲ್ಲಿ ಅಡಕತ್ತರಿ ಇತ್ತು, ಅದರಲ್ಲೇ ಬಲೆಯ ಒಂದೊಂದೇ ಕಣ್ಣು ಕತ್ತರಿಸಿದೆ. ಕೈಯಲ್ಲಿ ಅದರ ಎದೆ ಹೊಡೆದುಕೊಳ್ಳುವುದು ಎಷ್ಟು ಜೋರಾಗಿತ್ತೆಂದರೆ ನನ್ನ ಹೆಬ್ಬೆರಳೇ ನಡುಗುತ್ತಿದೆ ಅನಿಸಿತು. ಎದೆಯ ಪುಕ್ಕ ಒಣಗಿಯೇ ಇತ್ತು. ಬಿಟ್ಟೆ, ನೀರಿನ ಮೇಲೆ ಸ್ವಲ್ಪ ಓಡಿ ಎದ್ದು ಹೋಯಿತು.

ಸಂಬಂಧಪಟ್ಟ ಕಚೇರಿಗೆ ಫೋನ್ ಮಾಡಿದೆ. ಬಂದರು, ಇಲ್ಲ ಅನ್ನಲಾರೆ, ಹನ್ನೊಂದೂವರೆಗೆ ಬಂದರು. ಬಲೆ ಸುತ್ತಿಕೊಂಡು ಹೋದರು. ಒಳ್ಳೆಯ ಜನವೇ, ನನ್ನ ಹತ್ತಿರ ಚಹಾನೂ ಕುಡಿದರು. ಇಲ್ಲಿ ಗಸ್ತು ಯಾವಾಗ ಅಂತ ಕೇಳಿದೆ. ತಿಂಗಳಿಗೆ ಇಂತಿಷ್ಟು ದಿನ ಅಂತ ಇದೆ ಸರ್ ಅಂದರು. ಯಾವ ದಿನ ಅಂದೆ. ಗಾಡಿ ಸಿಕ್ಕ ದಿನ ಅಂದರು.

ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಇದೇ ನೋಡಿ. ಬಲೆ ಹಾಕಿದವನು ಗಾಡಿ ಸಿಕ್ಕ ದಿನ ಬರಲಿಲ್ಲ. ಕತ್ತಲೆ ನೋಡಿದ, ನಡುರಾತ್ರಿ ನೀರು ಏರುವುದು ನೋಡಿದ, ಗಾಳಿ ನೋಡಿದ, ಬಂದ. ಅಪ್ಪನಿಗೆ ಗೊತ್ತಿದ್ದದ್ದೆಲ್ಲ ಅವನಿಗೆ ಗೊತ್ತಿದೆ. ಕಾಯಬೇಕಾದವರಿಗೆ ಗೊತ್ತಿಲ್ಲ, ನೋಡಲು ಬರುವವರಿಗೆ ಗೊತ್ತಿಲ್ಲ, ಎಣಿಸಲು ಬರುವವರಿಗೂ ಎಷ್ಟೋ ಸಲ ಗೊತ್ತಿಲ್ಲ. ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತದಲ್ಲ, ಏಷ್ಯಾಕ್ಕೆಲ್ಲ ಒಂದೇ ಗಣತಿ, 1987ರಿಂದ ನಡೆಯುತ್ತಿದೆ, ಆ ಹುಡುಗ ಹುಡುಗಿಯರು ಸ್ವಂತ ಪೆಟ್ರೋಲ್ ಹಾಕಿಕೊಂಡು ಬರುತ್ತಾರೆ, ಅವರ ಮೇಲೆ ನನಗೆ ಗೌರವ ಇದೆ. ಆದರೆ ಭಾನುವಾರ ರಜೆ ಅಂತ ಬಂದರೆ ಒಂದು ವರ್ಷ ಉಬ್ಬರ ಇರುತ್ತದೆ, ಮರುವರ್ಷ ಇಳಿತ ಇರುತ್ತದೆ. ಉಬ್ಬರದಲ್ಲಿ ಬಂಡಿನೊಳಗೆ ಇನ್ನೂರು ಸಿಗುವ ಕಡೆ ಇಳಿತದಲ್ಲಿ ಇಪ್ಪತ್ತು ಸಿಗುತ್ತದೆ. ಆಮೇಲೆ ಹಕ್ಕಿ ಕಡಿಮೆ ಆಯಿತು, ಜಾಸ್ತಿ ಆಯಿತು ಅಂತ ಸುದ್ದಿ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಜಾಗಗಳ ಪಟ್ಟಿಗೆ ಸೇರಿತು. 4,801 ಹೆಕ್ಟೇರ್. ಮಾಗಡಿ ಕೆರೆ, ಅಂಕಸಮುದ್ರ ಕೂಡ ಅದರ ಜೊತೆಗೇ. ನಿಮ್ಮ ಪತ್ರಿಕೆಯಲ್ಲೇ ಓದಿ ಖುಷಿಪಟ್ಟೆ. ಊರಲ್ಲಿ ಮಾತ್ರ ಏನು ಬದಲಾಯಿತು ಅಂತ ಕೇಳಿದರೆ, ಫೋಟೋ ತೆಗೆಯುವವರು ಜಾಸ್ತಿ ಆದರು.

ಹಾಗಾಗಿ ಕೇಳುತ್ತೇನೆ. ನೀವು ದಿನಾ ಹವಾಮಾನದ ಚೌಕ ಹಾಕುತ್ತೀರಿ, ಗರಿಷ್ಠ ಕನಿಷ್ಠ, ಸೂರ್ಯ ಹುಟ್ಟುವುದು ಮುಳುಗುವುದು. ನಮ್ಮ ಜಿಲ್ಲೆಯ ಆವೃತ್ತಿಯಲ್ಲಿ ಅದರ ಪಕ್ಕ ಕಾರವಾರದ ಉಬ್ಬರ ಇಳಿತದ ಹೊತ್ತು ಹಾಕಿ. ಎರಡು ಸಾಲು ಸಾಕು. ವರ್ಷದ ಲೆಕ್ಕ ಮೊದಲೇ ಅಚ್ಚಾಗಿ ಸಿಗುತ್ತದೆ, ನೀವು ಹೊಸದಾಗಿ ಅಳೆಯಬೇಕಾಗಿಲ್ಲ. ಬಾತಿಗೆ ಮಾತ್ರ ಅಲ್ಲ, ಬಳಚು ಹೆಕ್ಕುವ ಹೆಂಗಸರಿಗೆ ಬೇಕು, ಸಣ್ಣ ದೋಣಿಯವರಿಗೆ ಬೇಕು, ಜಂತ್ರಡಿ ಹಲಗೆ ಎತ್ತುವವನಿಗೆ ಬೇಕು. ಅವರಿಗೆಲ್ಲ ಬಾಯಿಲೆಕ್ಕ ಗೊತ್ತು ಅನ್ನಬಹುದು. ಅವರ ಮಕ್ಕಳಿಗೆ ಗೊತ್ತಿಲ್ಲ, ನಮ್ಮನೆಯಲ್ಲೇ ನೋಡಿದ್ದೇನೆ.

ಗಸ್ತಿನವರಿಗೆ ಒಂದು ಮಾತು, ಈ ಪತ್ರ ಅವರ ಮೇಜಿಗೂ ಹೋಗುತ್ತದೆ ಅಂತ ನಂಬಿ. ಗಾಡಿ ತಿಂಗಳಿಗೆ ನಾಲ್ಕೇ ದಿನ ಸಿಗುವುದಾದರೆ ಆ ನಾಲ್ಕನ್ನು ನವೆಂಬರಿನಿಂದ ಫೆಬ್ರವರಿ ತನಕ ಅಮಾವಾಸ್ಯೆಯ ಅಕ್ಕಪಕ್ಕ ಇಟ್ಟುಕೊಳ್ಳಿ. ಮಧ್ಯಾಹ್ನ ಬೇಡ. ರಾತ್ರಿ ಹತ್ತರ ಮೇಲೆ, ಇಲ್ಲಾ ಬೆಳಗಿನ ಜಾವ ನಾಲ್ಕಕ್ಕೆ. ಊರಿನವರು ಎರಡು ಮೂರು ಜನ ಬ್ಯಾಟರಿ ಹಿಡಿದು ಜೊತೆಗೆ ಬರುತ್ತೇವೆ, ನಮ್ಮ ಗಜನಿ ನಮಗೆ ಕತ್ತಲೆಯಲ್ಲೂ ಗೊತ್ತು.

ಪುರವಣಿಯವರಿಗೆ ಕೋಪ ಬೇಡ. ಅಮೆರಿಕದ ಬೇಟೆಯ ಬಗ್ಗೆ ಬರೆಯಿರಿ, ಅಲ್ಲಿಯ ಸ್ಟಾಂಪಿನ ಬಗ್ಗೆ ಬರೆಯಿರಿ, ಅಲ್ಲಿಯದ್ದು ಅಂತ ಮೇಲೆ ಹಾಕಿ, ಇಲ್ಲಿ ಅದು ಅಪರಾಧ ಅಂತ ಕೆಳಗೆ ಹಾಕಿ. ಇನ್ನೂ ಒಂದು ಮಾಡಬಹುದು. ಅಪ್ಪನ ಥರದ ಮುದುಕರು ಒಂದಿಬ್ಬರು ಅಂಕೋಲಾ, ಹೊನ್ನಾವರ ಕಡೆ ಇನ್ನೂ ಇದ್ದಾರೆ, ಕೋವಿ ಬಿಟ್ಟು ಐವತ್ತು ವರ್ಷ ಆದವರು. ಯಾವ ಗಾಳಿಗೆ ಯಾವ ಹಕ್ಕಿ ಎಲ್ಲಿ ಕೂರುತ್ತದೆ ಅಂತ ಅವರನ್ನು ಕೂರಿಸಿ ಕೇಳಿ ಬರೆದುಕೊಳ್ಳಿ. ಹಳೆಯ ಬೇಟೆ ಅಂದರೆ ಪೊಲೀಸರು ಬರುತ್ತಾರೋ ಏನೋ ಅಂತ ಮೊದಲು ಹೆದರುತ್ತಾರೆ, ಎರಡನೇ ಚಹಾಕ್ಕೆ ಬಾಯಿ ಬಿಡುತ್ತಾರೆ.

ಬರುವ ಅಷ್ಟಮಿಯ ಬೆಳಗ್ಗೆ ಐದೂವರೆಗೆ ನಾನು ಮೂಡಣ ಬಂಡಿನ ಮೇಲೆ ಇರುತ್ತೇನೆ. ಆ ಬರಹ ಬರೆದವರು ಬರುವುದಾದರೆ ಬರಲಿ, ಫ್ಲಾಸ್ಕಿನ ಚಹಾ ನನ್ನದು. ಬಿಳಿ ಅಂಗಿ ಹಾಕಿಕೊಂಡು ಬರಬೇಡಿ ಅಂತ ಹೇಳಿ. ಹೊರಡುವ ಮುಂಚೆ ಒಂದು ಫೋನ್ ಮಾಡಲಿ, ಬಚ್ಚಲ ಹೊಗೆ ನೆಟ್ಟಗೆ ಹೋಗುತ್ತಿದ್ದರೆ ಮಲಗಿಕೊಳ್ಳಿ ಅಂತ ನಾನೇ ಹೇಳುತ್ತೇನೆ.

ಇತಿ,
ನಿಮ್ಮ ಹಳೆಯ ಓದುಗ
ಅಘನಾಶಿನಿ ದಂಡೆ, ಕುಮಟಾ ತಾಲೂಕು